ಸುಟ್ಟ ಹುಬ್ಬು

"ಹುಬ್ಬು ಇರ್ಲಿಲ್ಲ ಕಣಮ್ಮ," ಎಂದ ಕೊಯ್ಶಿಬೈ. "ಎರಡೂ ಹುಬ್ಬು. ಮುಂದಲೆ ಕೂದಲೂ ಇರ್ಲಿಲ್ಲ."

ಷೆಡ್ಡಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದ ತನಿಖಾಧಿಕಾರಿ ರೈಹಾನ್ ತೊಕ್ತಾರೊವಾ ನಿಂತಳು. ಕುಳಿತು ಯೋಚಿಸುವುದು ಅವಳಿಗೆ ಗೊತ್ತಿರಲಿಲ್ಲ. ಠಾಣೆಯಲ್ಲಿ ಅವಳ ಕುರ್ಚಿಯ ಮೆತ್ತೆ ಇನ್ನೂ ಹೊಸದಾಗಿಯೇ ಇತ್ತು.

ಮೂರು ದಿನದ ಹಿಂದೆ ಇದೇ ಷೆಡ್ಡಿನಲ್ಲಿ, ವಿಮಾನಗಳಿಗೆ ನೈಟ್ರೋಜನ್ ಒತ್ತಡ ಏರಿಸಿ ತುಂಬುವ ಬೂಸ್ಟರ್ ಯಂತ್ರ ಸಿಡಿದು ಮೆಕ್ಯಾನಿಕ್ ಝಾಕ್ಸಿಬೆಕ್ ಸತ್ತಿದ್ದ. ಎದುರಿಗೆ ನಿಂತಿದ್ದ ಕೊಯ್ಶಿಬೈ ಅವನ ಅಣ್ಣ. ಒಂಟೆ ಸಾಕಿಕೊಂಡು ಹುಲ್ಲುಗಾವಲಿನಲ್ಲೇ ಮುಪ್ಪಾದವನು. ಟೋಪಿಯನ್ನು ಎದೆಗೆ ಒತ್ತಿಕೊಂಡು ಮಾತಾಡುತ್ತಿದ್ದ.

"ಆಸ್ಪತ್ರೆಯವರು ಮುಖಕ್ಕೆ ಬಟ್ಟೆ ಸುತ್ತಿ ಕೊಟ್ಟಿದ್ರು. ಮಣ್ಣು ಮಾಡೋ ಮುಂಚೆ ಮೈ ತೊಳೆದ್ವಿ. ತಲೆ ಹಿಡಿದೋನು ನಾನು. ಕುರಿ ತಲೆ ಬೆಂಕಿಗೆ ಹಿಡಿದಾಗ ಒಂದು ವಾಸನೆ ಬರುತ್ತಲ್ಲ, ಅದೇ ವಾಸನೆ. ನೀವು ಏನೋ ನೈಟ್ರೋಜನ್ ಅಂತೀರಿ. ಅದು ಉರಿಯುತ್ತಾ?"

ಕ್ಯಾಸ್ಪಿಯನ್ ಕಡೆಯ ಗಾಳಿ ತಗಡಿನ ಬಾಗಿಲನ್ನು ಎಳೆದು ಬಡಿಯುತ್ತಲೇ ಇತ್ತು.

"ಉರಿಯಲ್ಲ," ಎಂದ ಷೆಡ್ಡಿನ ಮುಖ್ಯಸ್ಥ ಸಾಪರ್ಗಾಲಿ ಕೊನೆಗೆ. ಅರವತ್ತರ ಆಸುಪಾಸಿನ ಆಸಾಮಿ. ಕರಾಷೋಕಿ ವಿಮಾನ ನೆಲೆಯಲ್ಲಿ ಎಲ್ಲರೂ ಅವನನ್ನು, ಹಿರಿಯರ ಹೆಸರು ಮೊಟಕು ಮಾಡಿ ಕರೆಯುವ ಅಲ್ಲಿನ ರೂಢಿಯಂತೆ, ಗೌರವದಿಂದ 'ಸಪೆಕೆ' ಎನ್ನುತ್ತಿದ್ದರು. "ಬೆಂಕಿ ಆರಿಸೋಕೆ ಬಳಸ್ತಾರೆ ಅದನ್ನ. ಸಿಡಿದಾಗ ಕಬ್ಬಿಣದ ಕಿಡಿ ಹಾರಿರುತ್ತೆ, ಕೂದಲಿಗೆ ತಾಗಿರುತ್ತೆ. ದುಃಖದಲ್ಲಿ ಕಣ್ಣಿಗೆ ಏನೇನೋ ಕಾಣುತ್ತೆ ಕೊಯೆಕೆ. ಮನೆಗೆ ಹೋಗಿ."

"ಮನೆಗೆ ಹೋದ್ರೆ ಅವನ ಹೆಂಡ್ತಿ ಇದಾಳೆ. ಚಹಾಕ್ಕೆ ಬಂದೋರೆಲ್ಲ ಅವಳ ಮುಂದೇನೇ ಪಿಸುಗುಟ್ತಾರೆ. ಅಜಾಗರೂಕತೆಯಿಂದ ಸತ್ತ, ಪಕ್ಕದಲ್ಲಿದ್ದೋರನ್ನೂ ಸಾಯಿಸ್ತಿದ್ದ, ಅಂತ. ಹಾಗಂತ ಬರೆದು ಕಳಿಸಿದ್ದು ನೀವೇ ಅಲ್ವಾ ಸಪೆಕೆ?"

ಸಾಪರ್ಗಾಲಿ ಮುಖ ಬೇರೆ ಕಡೆ ತಿರುಗಿಸಿದ.

ರೈಹಾನಳ ಜೇಬಿನಲ್ಲಿ ಫೋನು ನಡುಗಿತು. ಮೇಲಧಿಕಾರಿ. ಸಂಜೆಯೊಳಗೆ ಈ ಕೇಸು ಮುಗಿಸು ಎಂದು ಬೆಳಗಿನಿಂದ ಬೆನ್ನು ಹತ್ತಿದ್ದ. ಅವಳು ಫೋನನ್ನು ಅಲ್ಲೇ ನಡುಗಲು ಬಿಟ್ಟಳು.

"ಸಪೆಕೆ, ಅವನು ಮಾಡಿದ ತಪ್ಪು ಏನೇನು? ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಹೇಳ್ಲಿ?"

"ಇದೊಂದ್ಸಲ. ಈ ಯಂತ್ರದ ಮುಂದೆ ನಿಂತು."

ಸಿಡಿದ ಯಂತ್ರ ಟಾರ್ಪಾಲಿನ ಕೆಳಗಿತ್ತು. ರೈಹಾನ್ ಅದನ್ನು ಎಳೆದು ಹಾಕಿದಳು. ಸಾಪರ್ಗಾಲಿ ಪಾಠ ಒಪ್ಪಿಸುವವನಂತೆ ಶುರು ಮಾಡಿದ.

"ಒಂದು, ಹೋಸ್ ಪೈಪನ್ನ ಸರಪಳಿಯಿಂದ ಬಿಗಿದಿರ್ಲಿಲ್ಲ. ಒತ್ತಡದಲ್ಲಿ ಪೈಪು ಕಳಚಿದ್ರೆ ಹಾವಿನ ಥರ ಹೊಡೆಯುತ್ತೆ, ಅದಕ್ಕೇ ಬಿಗೀಬೇಕು."

ಯಂತ್ರಕ್ಕೆ ಪೈಪನ್ನು ಬಿಗಿದಿದ್ದ ಸರಪಳಿಯನ್ನು ರೈಹಾನ್ ಬೆರಳಲ್ಲಿ ಎತ್ತಿ ತೋರಿಸಿದಳು. ಕೊಂಡಿ ಭದ್ರವಾಗಿತ್ತು.

"ಆಮೇಲೆ?"

"ಸಿಲಿಂಡರಿನ ವಾಲ್ವನ್ನ ಒಂದೇ ಸಲಕ್ಕೆ ತೆಗೆದಿದಾನೆ. ನಿಧಾನಕ್ಕೆ ತಿರುಗಿಸ್ಬೇಕು."

"ವಾಲ್ವು ಅರ್ಧ ಸುತ್ತು ಮಾತ್ರ ತೆರೆದಿದೆ. ಫೋಟೋದಲ್ಲೂ ಹಾಗೇ ಇದೆ. ಆಮೇಲೆ?"

"ಒತ್ತಡ ಮಿತಿ ಮೀರಿದ್ರೆ ತಾನಾಗೇ ಬಿಡೋ ವಾಲ್ವು ಇದೆಯಲ್ಲ, ಅದನ್ನ ಬಿಗಿ ಮಾಡಿದಾನೆ. ಬೇಗ ತುಂಬ್ಲಿ ಅಂತ."

"ಅದರ ಸೀಸದ ಮುದ್ರೆ ಒಡೆದಿಲ್ಲ ಸಪೆಕೆ. ಇಲ್ಲಿ ನೋಡಿ, ತಂತಿ ಕೂಡ ಹಾಗೇ ಇದೆ. ಸುತ್ತ ಹಗ್ಗ ಕಟ್ಟಿ ಯಾರೂ ಬರದ ಹಾಗೆ ಮಾಡಿದ್ದ. ಕಣ್ಣಿಗೆ ಕನ್ನಡಕ ಹಾಕಿದ್ದ. ಪೈಪಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತಿದ್ದ. ಇವನು ಮಾಡದೇ ಬಿಟ್ಟಿದ್ದು ಏನು ಅಂತ ನಾನು ಮೂರು ದಿನದಿಂದ ಹುಡುಕ್ತಾ ಇದೀನಿ. ನಂಗೆ ಒಂದೂ ಸಿಕ್ಕಿಲ್ಲ."

ಕೊಯ್ಶಿಬೈ ಟೋಪಿಯನ್ನು ತಲೆಗೆ ಹಾಕಿಕೊಂಡ. ಆಮೇಲೆ ಮತ್ತೆ ತೆಗೆದ.

ರೈಹಾನ್ ಬಗ್ಗಿ ಯಂತ್ರದ ಪಂಪಿನ ಕೊಳವೆಯನ್ನು ನೋಡಿದಳು. ಉಕ್ಕು ಹರಿದು ಹೊರಕ್ಕೆ ಬಾಗಿದ್ದನ್ನು ಮೊದಲ ದಿನವೇ ಕಂಡಿದ್ದಳು. ಹರಿದ ಅಂಚನ್ನು ಈವರೆಗೆ ಮುಟ್ಟಿರಲಿಲ್ಲ. ಈಗ ಮುಟ್ಟಿದಳು. ಅಂಚು ಚೂಪಾಗಿರಲಿಲ್ಲ. ಗುಂಡಗೆ, ನುಣ್ಣಗೆ ಇತ್ತು. ಒಳಗೆ ಮೇಣದ ಬತ್ತಿಯಿಂದ ಇಳಿದಂತೆ ಉಕ್ಕಿನ ಹನಿಗಳು ಹೆಪ್ಪುಗಟ್ಟಿದ್ದವು.

"ಅರ್ಕಾದಿ, ಇಲ್ಲಿ ಬಾ."

ಅರ್ಕಾದಿ ಹೆಗಾಯ್ ಇಲಾಖೆಯ ರಸಾಯನ ತಜ್ಞ. ಕೊರಿಯನ್ ಮೂಲದವನು, ಅವನ ಅಜ್ಜನ ಕಾಲದಿಂದಲೂ ಇದೇ ನೆಲದವನು. ರೈಹಾನ್ ಜೊತೆ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದ.

"ಇದು ಒಡೆದಿದ್ದಾ, ಕರಗಿದ್ದಾ?"

ಹೆಗಾಯ್ ಇಣುಕಿದ. "ತಿಕ್ಕಾಟದ ಬಿಸಿ ಇರ್ಬಹುದು. ಪಿಸ್ಟನ್ ಸಿಕ್ಕಿಹಾಕ್ಕೊಂಡ್ರೆ ಹೀಗಾಗುತ್ತೆ."

"ಉಕ್ಕು ನೀರಾಗೋಷ್ಟು ಬಿಸಿ?"

"ನಾನು ನಿನ್ನೆ ವರದೀಲಿ ಬರೆದಿದೀನಲ್ಲ ರೈಹಾನ್. ಒತ್ತಡದಿಂದ ಒಡೆದದ್ದು. ಬೇಕಾದ್ರೆ ಲ್ಯಾಬಿಗೆ ಕಳಿಸೋಣ, ಮುಂದಿನ ವಾರ ಗೊತ್ತಾಗುತ್ತೆ."

"ಮುಂದಿನ ವಾರದ ತನಕ ಸತ್ತೋನ ಹೆಂಡ್ತಿ ಮುಂದೆ ಜನ ಪಿಸುಗುಟ್ತಾರೆ. ಆ ಸಿಲಿಂಡರಿನ ಜೊತೆ ಬಂದ ಬೇರೆ ಸಿಲಿಂಡರ್ ಎಲ್ಲಿವೆ?"

ಸಾಪರ್ಗಾಲಿ ಕೆಮ್ಮಿದ. "ಹಿಂದಿನ ಅಂಗಳದಲ್ಲಿ. ಬೀಗ ಹಾಕಿದೀನಿ. ಪೊಲೀಸ್ ಕೇಸು ಅಂತ."

"ಒಂದನ್ನ ತೆಗೆಸಿ."

*

ಉಗ್ರಾಣದ ಉಲ್ಬೊಸಿನ್ ಎಂಬ ದಪ್ಪ ಹೆಂಗಸು ಸಿಲಿಂಡರೊಂದನ್ನು ಕೈಗಾಡಿಯ ಮೇಲೆ ಉರುಳಿಸಿಕೊಂಡು ಅಂಗಳದ ನಡುವಿಗೆ ತಂದಳು. ಕಪ್ಪು ಬಣ್ಣ, ಮೇಲೆ ಹಳದಿ ಅಕ್ಷರ. ನೈಟ್ರೋಜನ್ನಿಗೆ ಕಪ್ಪು, ಆಕ್ಸಿಜನ್ನಿಗೆ ನೀಲಿ. ಈ ನೆಲೆಯಲ್ಲಿ ಕಸ ಗುಡಿಸುವವರಿಗೂ ಗೊತ್ತಿದ್ದ ವಿಷಯ. ಎರಡಕ್ಕೂ ವಾಲ್ವಿನ ತಿರುಪು ಮಾತ್ರ ಒಂದೇ ಅಳತೆ.

ಗಾಳಿಗೆ ಮರಳು ಹಲ್ಲಿನ ನಡುವೆ ಸಿಕ್ಕುತ್ತಿತ್ತು. ರೈಹಾನ್ ಸಿಲಿಂಡರಿನ ಸುತ್ತ ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು.

"ಇದರಿಂದ ಸ್ವಲ್ಪ ಗ್ಯಾಸ್ ಬಿಡು ಅರ್ಕಾದಿ. ಒಂದು ಗಾಜಿನ ಜಾಡಿಗೆ ಹಿಡಿಯೋಣ."

"ಜಾಡಿನಾ? ಇದೇನು ಶಾಲೆ ಮಕ್ಕಳ ಪ್ರಯೋಗವಾ?"

"ಹೌದು. ಶಾಲೇಲಿ ಕಲಿತದ್ದು ಬಿಟ್ಟು ಬೇರೇನೂ ನಂಗೆ ನೆನಪಿಲ್ಲ."

ಉಲ್ಬೊಸಿನ್ ಟೊಮೇಟೊ ಉಪ್ಪಿನಕಾಯಿಯ ಖಾಲಿ ಜಾಡಿ ತಂದಳು. "ತೊಳೆದು ಒರೆಸಿದೀನಿ ಅಕ್ಕ. ಒಡೀಬೇಡಿ, ನಮ್ಮತ್ತೆದು. ಒಡೆದ್ರೆ ನೀವು ನನ್ನ ಕೊಲೆ ಕೇಸೂ ತನಿಖೆ ಮಾಡ್ಬೇಕಾಗುತ್ತೆ."

ಹೆಗಾಯ್ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡು ಗೊಣಗುತ್ತಾ ಬಂದ. ಅವನ ಕೈಗವುಸಿಗೆ ಸಿಡಿದ ಯಂತ್ರದ ಗ್ರೀಸು ಮೆತ್ತಿತ್ತು. ಅದನ್ನು ಗಮನಿಸದೆ ಅದೇ ಕೈಯನ್ನು ವಾಲ್ವಿನ ಮೇಲಿಟ್ಟ.

"ಕೈ ತೆಗಿ!"

ಸಾಪರ್ಗಾಲಿಯ ಕೂಗು. ಅವನು ಎರಡೇ ಹೆಜ್ಜೆಯಲ್ಲಿ ಹಾರಿ ಬಂದು ಹೆಗಾಯನ ಮುಂಗೈ ಹಿಡಿದು ಎಳೆದಿದ್ದ. ತಾನು ಏನು ಮಾಡಿದೆ ಎಂಬುದು ಒಂದು ಕ್ಷಣ ತಡವಾಗಿ ಅವನಿಗೆ ತಿಳಿಯಿತು. ಕೈ ಬಿಟ್ಟ.

"ಜಿಡ್ಡು," ಎಂದ ಸಣ್ಣ ದನಿಯಲ್ಲಿ. "ಗವುಸು ಬದಲಾಯಿಸ್ಲಿ ಅಂತ ಅಷ್ಟೆ."

ರೈಹಾನ್ ಅವನನ್ನು ನೋಡಿದಳು.

ಹೆಗಾಯ್ ಗವುಸು ಬದಲಾಯಿಸಿ, ವಾಲ್ವನ್ನು ಕೂದಲೆಳೆಯಷ್ಟು ತೆರೆದು ಜಾಡಿ ತುಂಬಿಸಿ ಮುಚ್ಚಿದ. ಎಲ್ಲರೂ ಸಿಲಿಂಡರನ್ನು ಬಿಟ್ಟು ಅಂಗಳದ ಆಚೆ ಮೂಲೆಗೆ, ಗೋಡೆಯ ಮರೆಗೆ ಹೋದರು. ರೈಹಾನ್ ಒಂದು ಮರದ ಚಕ್ಕೆಗೆ ಬೆಂಕಿ ಹಚ್ಚಿದಳು. ಗಾಳಿ ಆರಿಸಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಕೊಯ್ಶಿಬೈ ಸುಮ್ಮನೆ ಬಂದು ತನ್ನ ದಪ್ಪ ಕೋಟಿನ ಎರಡು ಅಂಚನ್ನೂ ಹಿಡಿದು ಅವಳ ಕೈಗೆ ಮರೆ ಮಾಡಿದ.

ಚಕ್ಕೆ ಉರಿಯಿತು. ಅವಳೇ ಜ್ವಾಲೆಯನ್ನು ಊದಿ ಆರಿಸಿದಳು. ತುದಿಯಲ್ಲಿ ಕೆಂಡ ಮಾತ್ರ ಉಳಿಯಿತು. ನೈಟ್ರೋಜನ್ನಿಗೆ ಇಳಿಸಿದರೆ ಆ ಕೆಂಡವೂ ಸಾಯಬೇಕು.

ಜಾಡಿಯ ಮುಚ್ಚಳ ಸರಿಸಿ ಚಕ್ಕೆಯನ್ನು ಒಳಗಿಳಿಸಿದಳು.

ಕೆಂಡ ಭಗ್ಗನೆ ಎದ್ದು ಬೆಳ್ಳಗೆ ಉರಿಯಿತು.

"ಆಕ್ಸಿಜನ್," ಎಂದಳು ರೈಹಾನ್. "ಪಂಪಿನೊಳಗೆ ಎಣ್ಣೆ ಇತ್ತು. ಎಣ್ಣೆ ಮೇಲೆ ಒತ್ತಡದ ಆಕ್ಸಿಜನ್ ಬಿದ್ರೆ ಹೊತ್ತಿಕೊಂಡು ಸಿಡಿಯೋಕೆ ಕಿಡಿಯೂ ಬೇಡ."

ಅವಳು ಚಾಕು ತೆಗೆದುಕೊಂಡು ಸಿಲಿಂಡರಿನ ಹತ್ತಿರ ಹೋಗಿ, ಬುಡದ ಕಡೆ ಕಪ್ಪು ಬಣ್ಣವನ್ನು ಮೆಲ್ಲಗೆ ಕೆರೆದಳು. ಕೆಳಗೆ ನೀಲಿ ಕಂಡಿತು.

ಕೊಯ್ಶಿಬೈ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. "ಹಂಗಾದ್ರೆ ನನ್ನ ತಮ್ಮ..."

"ನಿಮ್ಮ ತಮ್ಮ ಎಲ್ಲಾ ಸರಿಯಾಗೇ ಮಾಡಿದ್ದ ಅಣ್ಣ. ಸಿಲಿಂಡರಿನ ಮೇಲೆ ಬರೆದದ್ದನ್ನ ನಂಬಿದ. ಅದನ್ನ ಯಾರಾದ್ರೂ ನಂಬ್ತಾರೆ."

ಮುದುಕ ಎರಡೂ ಅಂಗೈಯಿಂದ ಮುಖ ಸವರಿಕೊಂಡು ಪ್ರಾರ್ಥನೆಯ ಎರಡು ಮಾತು ಹೇಳಿದ. ಬಳಿಕ ಎದ್ದು, ಸಾಪರ್ಗಾಲಿಯ ಕಡೆ ನೋಡದೆ, ಗೇಟಿನ ಕಡೆ ನಡೆದ. ತಮ್ಮನ ಹೆಂಡತಿಗೆ ಹೇಳಬೇಕಿತ್ತು ಅವನಿಗೆ.

*

ಸಾಪರ್ಗಾಲಿಯ ಕೋಣೆ ಷೆಡ್ಡಿನ ಮೇಲಂತಸ್ತಿನಲ್ಲಿತ್ತು. ಮೂರು ಕಡೆ ಗಾಜು. ಮೇಜಿನ ಮೇಲೆ ಚಹಾದ ಕೆಟಲು, ಬೌರ್ಸಾಕ್ ಎಂಬ ಕರಿದ ರೊಟ್ಟಿಯ ತುಂಡುಗಳು ಒಣಗಿ ಕೂತಿದ್ದ ತಟ್ಟೆ. ಅವನು ಕುಳಿತ. ರೈಹಾನ್ ಕುಳಿತುಕೊಳ್ಳಲಿಲ್ಲ.

"ನೈಟ್ರೋಜನ್ ಸಿಲಿಂಡರಿಗೆ ಜಿಡ್ಡು ತಾಗಿದ್ರೆ ಏನಾಗುತ್ತೆ ಸಪೆಕೆ?"

"ಏನೂ ಆಗಲ್ಲ."

"ಮತ್ತೆ ಯಾಕೆ ಹಾರಿ ಬಂದ್ರಿ?"

ಅವನು ಕೆಟಲಿನ ಹಿಡಿಕೆಯನ್ನು ಅತ್ತಿತ್ತ ತಿರುಗಿಸುತ್ತಿದ್ದ.

"ನಾನು ಚಕ್ಕೆ ಹಚ್ಚೋ ಮುಂಚೇನೇ ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತು. ಒಬ್ಬ ಸತ್ತದ್ದು ಸಾಕು, ಕಣ್ಣೆದುರು ಇನ್ನೊಬ್ಬ ಸಾಯೋದು ನೋಡೋಕೆ ಆಗ್ಲಿಲ್ಲ. ಅಷ್ಟರಮಟ್ಟಿಗೆ ನೀವು ಒಳ್ಳೆಯವರೇ."

"ಹೊಗಳ್ತಿದೀರೋ, ಚುಚ್ತಿದೀರೋ?"

"ಎರಡೂ. ಯಾವಾಗ ಗೊತ್ತಾಯ್ತು?"

ಗಾಜಿಗೆ ಮರಳು ರಪರಪ ಬಡಿಯಿತು.

"ಅವನು ಸತ್ತ ಸಂಜೆ. ಉಕ್ಕು ಕರಗಿದ್ದು ನಾನೂ ನೋಡಿದ್ದೆ. ಅಂಗಳಕ್ಕೆ ಹೋಗಿ ಉಗುರಿಂದ ಬಣ್ಣ ಕೆರೆದೆ. ನೀಲಿ ಬಂತು. ಅಂಗಳಕ್ಕೆ ಬೀಗ ಜಡಿದು ಬಂದೆ."

"ಅದಕ್ಕೂ ಮುಂಚೆ ಗೊತ್ತಿರ್ಲಿಲ್ವಾ?"

"ನನ್ನ ಮೊಮ್ಮಕ್ಕಳಾಣೆ ಇಲ್ಲ. ಬಿರುಗಾಳಿಗೆ ರಸ್ತೆ ಮುಚ್ಚಿ ನೈಟ್ರೋಜನ್ ಬರೋದು ನಿಂತಿತ್ತು. ಹಾರಾಟ ನಿಲ್ಲಿಸಬೇಕಾಗಿತ್ತು. ಆಗ ಗ್ಯಾಸ್ ಗೋದಾಮಿನ ಡ್ರೈವರ್ ಇಲ್ಯಾಸ್ ಈ ಸಿಲಿಂಡರ್ ತಂದ. ಎಲ್ಲೂ ಇಲ್ಲದ್ದು ಇವನಿಗೆ ಎಲ್ಲಿಂದ ಸಿಕ್ತು ಅಂತ ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ. ಒಳಗಿನ ಗ್ಯಾಸ್ ಯಾವುದು ಅಂತ ಪರೀಕ್ಷೆ ಮಾಡಿಸ್ಬೇಕಿತ್ತು. ಮಾಡಿಸ್ಲಿಲ್ಲ. ಒಪ್ಕೊಂಡು ಸಹಿ ಹಾಕಿದೆ."

"ಆಮೇಲೆ ಸತ್ತೋನ ತಲೆ ಮೇಲೆ ಹಾಕಿದ್ರಿ."

"ಅವನು ವಾಪಸ್ ಬರ್ತಿರ್ಲಿಲ್ಲ. ನಾನು ಜೈಲಿಗೆ ಹೋಗ್ತಿದ್ದೆ." ಸಾಪರ್ಗಾಲಿ ಕಣ್ಣೊರೆಸಿಕೊಂಡ. "ಅವನಿಗೆ ಕೆಲಸ ಕಲಿಸಿದ್ದು ನಾನು. ನಿಧಾನಕ್ಕೆ ತೆಗಿ, ಪಕ್ಕಕ್ಕೆ ನಿಲ್ಲು, ಪೈಪು ಬಿಚ್ಚೋ ಮುಂಚೆ ಒತ್ತಡ ಬಿಡು. ಒಂದೂ ಮರೀತಿರ್ಲಿಲ್ಲ ಅವನು. ಬೇರೆಯವರು ನಗ್ತಿದ್ರು, ಮದುಮಗಳ ಥರ ಮೆಲ್ಲಗೆ ಕೆಲಸ ಮಾಡ್ತಾನೆ ಅಂತ."

ರೈಹಾನ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಎಲ್ಲೋ ಒಂದು ಎಳೆ ತಪ್ಪುತ್ತಿತ್ತು.

"ಇಲ್ಯಾಸ್‌ಗೆ ಬಣ್ಣ ಬಳಿದು ಕೊಟ್ಟೋರು ಯಾರು?"

"ಇಲ್ಯಾಸ್ ಹೆಸರು ಹೇಳ್ಲಿಲ್ಲ. ಇವತ್ತು ಬೆಳಗಿನ ಜಾವ ಬಂದಿದ್ದ ಇಲ್ಲಿಗೆ. ಅಳ್ತಿದ್ದ. ತಾನು ಬರೀ ಗಾಡಿ ಓಡಿಸಿದ್ದು, ಮೇಲೆ ದೊಡ್ಡೋರೊಬ್ರು ಇದಾರೆ, ಪೊಲೀಸ್ ಒಳಗೇ ಅವರಿಗೆ ಕಿವಿ ಇದೆ, ಅಂದ. ನಡಿ, ಇಬ್ರೂ ಹೋಗಿ ತನಿಖೆ ಅಕ್ಕನ ಹತ್ರ ಎಲ್ಲಾ ಹೇಳೋಣ ಅಂದ."

"ಮತ್ತೆ?"

"ನಂಗೆ ಧೈರ್ಯ ಸಾಲ್ಲಿಲ್ಲ. ಕೆಲವು ದಿನ ಅಮ್ಮನ ಮನೇಲಿರು ಅಂತ ಅವನನ್ನ ನಾನೇ ವಿಮಾನ ಹತ್ತಿಸಿದೆ. ಝಾನಾಕುಮ್‌ಗೆ. ಪ್ರಯಾಣಿಕರ ಪಟ್ಟಿ ಆಗಲೇ ನಿಮ್ಮ ಇಲಾಖೆಗೂ ಹೋಗಿದೆ. ಗಾಳಿಯಿಂದ ತಡವಾಗಿ ಹೊರಟಿದ್ದು, ಎಣ್ಣೆ ಬಾವಿಗಳ ಕೆಲಸದವರೂ ಇದಾರೆ ಅದರಲ್ಲಿ. ಇನ್ನೇನು ಇಳಿಯೋ ಹೊತ್ತು."

ಸಾಕ್ಷಿ ಬದುಕಿದ್ದ. ಝಾನಾಕುಮ್ ಪೊಲೀಸರಿಗೆ ಹೇಳಿ ನಿಲ್ದಾಣದಲ್ಲೇ ಅವನನ್ನು ಹಿಡಿದಿಟ್ಟುಕೊಳ್ಳಬಹುದಿತ್ತು.

ಆಗ ಬಾಗಿಲಲ್ಲಿ ಉಲ್ಬೊಸಿನ್ ಕಾಣಿಸಿದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಅಕ್ಕ, ಒಂದು ಕೇಳ್ಲಾ? ಬೆಳಗ್ಗೆ ತಗೊಂಡು ಹೋದ ಸಿಲಿಂಡರ್ ವಾಪಸ್ ಕೊಡ್ತೀರಾ? ಲೆಕ್ಕಕ್ಕೆ ಒಂದು ಕಮ್ಮಿ ಬರ್ತಿದೆ."

"ನಾವು ಯಾವ ಸಿಲಿಂಡರ್ ತಗೊಂಡಿದೀವಿ?"

"ನೀವೇ ಅಲ್ವಾ? ನಾನು ಕೆಲಸಕ್ಕೆ ಬಂದಾಗ ಸಪೆಕೆ ಹಾಕಿದ ಬೀಗ ಯಾರೋ ಕತ್ತರಿಸಿದ್ರು. ಬದಲಿಗೆ ಹೊಸ ಬೀಗ, ಮೇಲೆ ನಿಮ್ಮ ಇಲಾಖೆ ಮುದ್ರೆ ಚೀಟಿ. ಕೀಲಿ ನನ್ನ ಮೇಜಿನ ಮೇಲಿತ್ತು. ಪರೀಕ್ಷೆಗೆ ಒಯ್ದಿದಾರೆ ಅಂದ್ಕೊಂಡೆ."

ಸಾಪರ್ಗಾಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತ.

"ಉಲ್ಬೊಸಿನ್," ಎಂದ. "ಬೆಳಗ್ಗೆ ಝಾನಾಕುಮ್ ವಿಮಾನದ ಮುಂದಿನ ಚಕ್ರದ ಕಾಲು ಕುಸಿದಿದೆ ಅಂತ ಹುಡುಗರು ಹೇಳ್ತಿದ್ರಲ್ಲ. ಗಾಳಿ ಯಾವುದರಿಂದ ತುಂಬಿದ್ರು?"

"ವಿಮಾನದ ಪಕ್ಕದಲ್ಲೇ ಕಪ್ಪು ಸಿಲಿಂಡರ್ ಒಂದು ಇತ್ತಂತೆ. ಹೊಸ ಸರಬರಾಜು ಬಂದಿದೆ ಅಂದ್ಕೊಂಡು ತುಂಬಿದ್ರು. ಮುಂಗಾಲಿಗೆ ಬೂಸ್ಟರ್ ಬೇಕಿಲ್ವಲ್ಲ, ನೇರ ತುಂಬ್ಬಹುದು. ಯಾಕೆ ಸಪೆಕೆ? ಯಾಕೆ ಹಾಗೆ ನೋಡ್ತೀರಿ?"

ಅವನು ರೈಹಾನಳ ಕಡೆ ತಿರುಗಿದ. "ವಿಮಾನದ ಕಾಲೊಳಗೆ ಅರ್ಧ ಎಣ್ಣೆ, ಅರ್ಧ ಗ್ಯಾಸ್. ಹಾರುವಾಗ ಏನೂ ಆಗಲ್ಲ. ಇಳಿದು ನೆಲಕ್ಕೆ ತಾಗಿದಾಗ ಇಡೀ ವಿಮಾನದ ಭಾರ ಅದರ ಮೇಲೆ ಬೀಳುತ್ತೆ. ಒಳಗಿನ ಗ್ಯಾಸ್ ಒಂದೇ ಏಟಿಗೆ ಕುಗ್ಗಿ ಬಿಸಿಯಾಗುತ್ತೆ."

ಬೂಸ್ಟರಿನ ಒಳಗೆ ಆದದ್ದೇ ಅಲ್ಲಿ ಆಗಬಹುದಿತ್ತು. ಮೊದಲನೆಯದು ಸುಳ್ಳು ಸಿಲಿಂಡರು ಮಾಡಿದ ಸಾವು. ಎರಡನೆಯದನ್ನು, ಸಿಲಿಂಡರಿನಲ್ಲಿ ಏನಿದೆ ಎಂದು ಗೊತ್ತಿದ್ದವನು, ಇಲ್ಯಾಸ್ ಆ ವಿಮಾನ ಹತ್ತುತ್ತಾನೆಂದು ಗೊತ್ತಿದ್ದವನು, ಮುಂಗಾಲನ್ನು ಕುಸಿಸಿ, ಪಕ್ಕದಲ್ಲಿ ಕಪ್ಪು ಸಿಲಿಂಡರ್ ಇಟ್ಟು, ಕೈಯಾರೆ ಸಿದ್ಧಮಾಡಿದ್ದ.

"ಝಾನಾಕುಮ್ ವಿಮಾನ ನಿಲ್ದಾಣದ ಟವರಿನ ನಂಬರ್ ಹಾಕಿ. ಬೇಗ."

ಸಾಪರ್ಗಾಲಿಯ ಬೆರಳು ಎರಡು ಸಲ ತಪ್ಪಿತು. ಉಲ್ಬೊಸಿನ್ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಒತ್ತಿ ರಿಸೀವರನ್ನು ರೈಹಾನಳ ಕೈಗೆ ಕೊಟ್ಟಳು.

"ಕರಾಷೋಕಿಯಿಂದ ಬರ್ತಿರೋ ವಿಮಾನ ಎಲ್ಲಿದೆ?"

"ಕಣ್ಣಿಗೆ ಕಾಣ್ತಿದೆ," ಎಂದಿತು ಆಚೆಯ ಗಂಡು ದನಿ. "ಚಕ್ರ ಇಳಿಸಿದಾರೆ. ಯಾರು ಮಾತಾಡ್ತಿರೋದು?"

"ತನಿಖಾಧಿಕಾರಿ ತೊಕ್ತಾರೊವಾ. ಇಳಿಯೋಕೆ ಬಿಡ್ಬೇಡಿ. ಮೇಲೇ ಸುತ್ತು ಹೊಡೀಲಿ. ಮುಂಗಾಲಲ್ಲಿ ಆಕ್ಸಿಜನ್ ತುಂಬಿದಾರೆ."

ಆಚೆಯ ದನಿಯಲ್ಲಿ ಈಗ ಮುಜುಗರವಿತ್ತು.

"ನೋಡಿ ಮೇಡಂ, ಈ ಫೋನ್ ಬರುತ್ತೆ ಅಂತ ನಮಗೆ ಮೊದಲೇ ತಿಳಿಸಿದ್ರು. ನಿಮ್ಮನ್ನ ಕೇಸಿಂದ ತೆಗೆದಿದಾರಂತೆ. ನಿಮಗೆ ಆರೋಗ್ಯ ಸರಿ ಇಲ್ವಂತೆ. ಏನೇ ಹೇಳಿದ್ರೂ ಕಿವಿಗೆ ಹಾಕ್ಕೋಬೇಡಿ ಅಂದ್ರು."

"ಯಾರು ಅಂದದ್ದು?"

"ನಿಮ್ಮ ಇಲಾಖೆಯವರೇ. ಈಗಷ್ಟೇ ಮಾತಾಡಿ ಇಟ್ರು. ಹೆಗಾಯ್ ಅಂತ."

ರೈಹಾನ್ ಗಾಜಿನತ್ತ ತಿರುಗಿದಳು. ಕೆಳಗೆ ಅಂಗಳದಲ್ಲಿ ಹೆಗಾಯ್ ಒಬ್ಬನೇ ನಿಂತಿದ್ದ. ಫೋನನ್ನು ಕೋಟಿನ ಜೇಬಿಗೆ ಇಳಿಸಿ, ತಲೆಯೆತ್ತಿ ನೇರವಾಗಿ ಅವಳನ್ನೇ ನೋಡುತ್ತಿದ್ದ.

ಅವಳ ಕಿವಿಯಲ್ಲಿ ಟವರಿನವನು ಇನ್ನಾರಿಗೋ ಹೇಳುವುದು ಕೇಳಿಸಿತು.

"ಆಯ್ತು, ಇಳಿಯೋಕೆ ಹೇಳು."